ಹಳೆಯ ಗಾಡಿಯ ನಾಡೀಪರೀಕ್ಷೆ

ಮನೆಯಲ್ಲಿ ಹಸುಳೆಯು ಅಳಲಾರಂಭಿಸಿದರೆ ತಾಯಿಯಾದವಳು ಒಮ್ಮೆಗೇ ಮದ್ದಿನ ಡಬ್ಬಿಗೆ ಕೈಹಾಕುವುದಿಲ್ಲ. ಹಸಿವೆಯೋ, ನಿದ್ರೆಯೋ, ಇರುವೆ ಕಚ್ಚಿತೋ, ಹೊಟ್ಟೆನೋವೋ ಎಂದು ಒಂದೊಂದಾಗಿ ವಿಚಾರಿಸಿ ನೋಡುತ್ತಾಳೆ. ಮಾತು ಬಾರದ ಮಗುವಿನ ವಿಷಯದಲ್ಲಿ ನಾವು ತೋರುವ ಈ ವಿವೇಕವನ್ನು ಮಾತು ಬಾರದ ಯಂತ್ರದ ವಿಷಯದಲ್ಲಿ ಮಾತ್ರ ಮರೆತುಬಿಡುತ್ತೇವೆ. ಗಾಡಿಯು ನಡುಗಿದರೆ, ಇಲ್ಲವೆ ಕರಕರನೆ ಸಪ್ಪಳ ಮಾಡಿದರೆ, “ಯಾವ ಭಾಗವನ್ನು ಬದಲಾಯಿಸಬೇಕು?” ಎಂದು ಕೇಳುವವರೇ ಬಹುಮಂದಿ, “ಯಾವಾಗ ಸಪ್ಪಳವಾಗುತ್ತದೆ?” ಎಂದು ಕೇಳುವವರು ವಿರಳ. ಈ ಎರಡು ಪ್ರಶ್ನೆಗಳಿಗಿರುವ ಅಂತರವನ್ನು ನಾನು ಅರುವತ್ತರ ವಯಸ್ಸಿನಲ್ಲಿ, ಸ್ವಲ್ಪ ಹಣವನ್ನೂ ಸ್ವಲ್ಪ ಮಾನವನ್ನೂ ತೆತ್ತು ಕಲಿತುಕೊಂಡೆನು. ವಾಚಕರಿಗೆ ಆ ವೆಚ್ಚವು ಉಳಿಯಲೆಂಬುದೇ ಈ ಲೇಖನದ ಉದ್ದೇಶವು.

ದಾವಣಗೆರೆ ಹರಿಹರಗಳ ಸೀಮೆಯಲ್ಲಿ ಮದುವೆಯ ದಿಬ್ಬಣಕ್ಕಾಗಲಿ, ಹೊಲಗದ್ದೆಗಾಗಲಿ, ಆಸ್ಪತ್ರೆಗಾಗಲಿ ಹೋಗುವ ಸಂಸಾರಗಳಿಗೆ ಎತ್ತರದ ಮೈಯುಳ್ಳ ದೊಡ್ಡ ಗಾಡಿಗಳೇ ಅನುಕೂಲವಾದುವು. ಇವನ್ನು ಈಗ ಎಸ್‌ಯುವಿ ಎಂದು ಕರೆಯುತ್ತಾರೆ. ಸುಮೋ ಎಂಬುದು ೧೯೯೪ರಲ್ಲಿಯೂ, ಬೊಲೆರೋ ಮತ್ತು ನಮ್ಮ ಬಿಡದಿಯಲ್ಲಿ ತಯಾರಾದ ಕ್ವಾಲಿಸ್ ಎಂಬಿವು ೨೦೦೦ದಲ್ಲಿಯೂ, ಸ್ಕಾರ್ಪಿಯೋ ಎಂಬುದು ೨೦೦೨ರಲ್ಲಿಯೂ ಮಾರುಕಟ್ಟೆಗೆ ಬಂದುವು. ಸುಮೋ, ಕ್ವಾಲಿಸ್‌ಗಳ ತಯಾರಿಕೆಯು ನಿಂತು ವರ್ಷಗಳೇ ಆದರೂ, ಹದಿನೈದು ವರ್ಷಗಳ ನೋಂದಣಿ ಮುಗಿದ ಮೇಲೆ ಪರೀಕ್ಷೆಗೊಳಗಾಗಿ ಮತ್ತೆ ಐದು ವರ್ಷಗಳ ಅನುಮತಿಯನ್ನು ಪಡೆದು ಓಡುತ್ತಿರುವ ಇಂತಹ ಗಾಡಿಗಳು ನಮ್ಮ ಬೀದಿಗಳಲ್ಲಿ ಇನ್ನೂ ಕಾಣಸಿಗುತ್ತವೆ. ಇವುಗಳೆಲ್ಲದರ ರಚನೆಯು ಬಹುಮಟ್ಟಿಗೆ ಒಂದೇ ಕ್ರಮದ್ದು: ಕೆಳಗೆ ಉಕ್ಕಿನ ಚಾಸಿ, ಮುಂದೆ ಇಂಜಿನು, ಅದರ ಬೆನ್ನಿಗೆ ಕ್ಲಚ್ಚು ಮತ್ತು ಗೇರ್‌ಬಾಕ್ಸು, ಅಲ್ಲಿಂದ ಹಿಂದಕ್ಕೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟು, ಕೊನೆಯಲ್ಲಿ ಡಿಫರೆನ್ಷಿಯಲ್ಲು, ಅದರ ಇಕ್ಕೆಲಗಳಲ್ಲಿ ಹಿಂದಿನ ಚಕ್ರಗಳು. ಈ ಸಾಲಿನಲ್ಲಿ ಯಾವುದೊಂದು ಸವೆದರೂ ಅದರ ಶಬ್ದವು ಚಾಸಿಯ ಮೂಲಕ ಗಾಡಿಯ ಮೈಯಲ್ಲೆಲ್ಲ ಹರಡಿಕೊಳ್ಳುತ್ತದೆ. ಮುಂದಿನ ಚಕ್ರದ ದೋಷವು ಹಿಂದಿನ ಆಸನದಲ್ಲಿ ಕೇಳಿಸಬಹುದು. ಆದುದರಿಂದ ಕಿವಿಯೊಂದನ್ನೇ ನಂಬಿದವನು ಮೋಸಹೋಗುತ್ತಾನೆ.

ನಮ್ಮ ಮನೆಯಲ್ಲಿಯೂ ಇಂತಹ ಹಳೆಯ ಗಾಡಿಯೊಂದಿದೆ. ಕಳೆದ ಶ್ರಾವಣದಲ್ಲಿ, ಹರಿಹರದಲ್ಲಿರುವ ನನ್ನ ಅಕ್ಕನ ಮನೆಯವರೊಡನೆ ಮಲೇಬೆನ್ನೂರಿನ ಕಡೆಯ ಅವರ ಗದ್ದೆಯನ್ನು ನೋಡಿಬರಲು ಹೋಗಿದ್ದೆವು. ಭದ್ರಾ ನಾಲೆಯ ನೀರು ಹರಿಯುವ ಆ ಭಾಗದಲ್ಲಿ ನಾಟಿಯ ಕಾಲಕ್ಕೆ ದಾರಿ ಯಾವುದು, ಗದ್ದೆ ಯಾವುದು ಎಂಬುದನ್ನು ತಿಳಿಯುವುದೇ ಕಷ್ಟ. ಒಂದೆಡೆ ಚಕ್ರದ ನಡುಮಟ್ಟದವರೆಗೂ ನೀರು ನಿಂತಿದ್ದಿತು. ಹೇಗೋ ದಾಟಿಕೊಂಡು ಬಂದೆವು. ಅದೇ ವಾರ ದಾವಣಗೆರೆಯಲ್ಲಿ ಕ್ಲಚ್ ಪ್ಲೇಟನ್ನು ಬದಲಾಯಿಸಿದ್ದಾಯಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಎರಡು ಉಪದ್ರವಗಳು ತಲೆದೋರಿದವು. ಗಂಟೆಗೆ ೬೦–೭೦ ಕಿಲೋಮೀಟರು ವೇಗವನ್ನು ಮುಟ್ಟಿದೊಡನೆ ಸ್ಟೀರಿಂಗು ಕೈಯಲ್ಲಿ ನಡುಗತೊಡಗಿತು. ಅಲ್ಲದೆ ವೇಗವು ಹೆಚ್ಚಿದಂತೆಲ್ಲ ಕೆಳಗಿನಿಂದ ಕಲ್ಲು ಬೀಸಿದಂತಹ ಸಪ್ಪಳವು ಏಳತೊಡಗಿತು.

ನಾನು ಮೂವತ್ತು ವರ್ಷಕಾಲ ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದವನು. ಕಾಗೆಯು ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾಲದ ಸಾಮೀಪ್ಯವಲ್ಲದೆ ಬೇರೆ ಸಂಬಂಧವಿಲ್ಲವೆಂಬ ಕಾಕತಾಲೀಯ ನ್ಯಾಯವನ್ನು ಎಷ್ಟು ಸಲ ಪಾಠ ಹೇಳಿದ್ದೇನೆಯೋ ಲೆಕ್ಕವಿಲ್ಲ. ಆದರೂ ನನ್ನ ಮನೆಯ ಬಾಗಿಲಿಗೆ ಕಾಗೆ ಬಂದಾಗ ಪಾಠವು ನೆನಪಾಗಲಿಲ್ಲ! ಕ್ಲಚ್ಚು ಬದಲಾದ ಮೇಲೆ ಸಪ್ಪಳ ಬಂದಿತು, ಆದುದರಿಂದ ಕ್ಲಚ್ಚು ಹಾಕಿದವನದೇ ತಪ್ಪು ಎಂದು ನಿಶ್ಚಯಿಸಿ, ಆ ಕೆಲಸಗಾರನಲ್ಲಿಗೆ ಹೋಗಿ, ನಾಲ್ಕು ಜನರೆದುರಿಗೆ ಬಿರುಸಾದ ಮಾತುಗಳನ್ನಾಡಿದೆನು. ಅವನು ಮಾರುತ್ತರ ಕೊಡದೆ ಒಂದು ದಿನವಿಡೀ ದುಡಿದು ಗೇರ್‌ಬಾಕ್ಸನ್ನು ಮತ್ತೆ ಕೆಳಗಿಳಿಸಿ, ನೋಡಿ, “ಇದರಾಗೆ ಏನೂ ಇಲ್ಲ ಸರ” ಎಂದು ಜೋಡಿಸಿಕೊಟ್ಟನು. ಕೂಲಿಯನ್ನು ನಾನು ಕೊಡಲಿಲ್ಲ, ಅವನೂ ಕೇಳಲಿಲ್ಲ. ಸಪ್ಪಳವು ಹಾಗೆಯೇ ಇದ್ದಿತು. ಇನ್ನೊಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಗಾಡಿಯನ್ನು ಓಡಿಸಿಯೂ ನೋಡದೆ, ಗೇರ್‌ಬಾಕ್ಸಿನ ಬೇರಿಂಗುಗಳೆಲ್ಲ ಹೋಗಿವೆಯೆಂದು ಹೇಳಿ ೩೨,೦೦೦ ರೂಪಾಯಿಗಳ ಅಂದಾಜನ್ನು ಬರೆದುಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯು ಹೀಗೆಯೇ ಹುಟ್ಟಿರಬೇಕು.

ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿರುವ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರುವ ದಿನವು ಹತ್ತಿರವಾಯಿತು. ಹೆದ್ದಾರಿಯಲ್ಲಿ ಸುಮಾರು ೧೫೦ ಕಿಲೋಮೀಟರಿನ ದಾರಿ. ಹೇಗಾದರೂ ನಿಧಾನವಾಗಿ ಹೋಗಿಬಂದು ಆಮೇಲೆ ರಿಪೇರಿ ಮಾಡಿಸಿದರಾಯಿತೆಂದು ನಾನು ಹೇಳಿದೆನು. ನನ್ನ ಮನೆಯವರು ಮಾತ್ರ ಒಪ್ಪಲಿಲ್ಲ. “ರೀ, ಇದು ಹಿಟ್ಟಿಲ್ಲದ ಬೀಸುವಕಲ್ಲಿನ ಸಪ್ಪಳ. ಕಾಳು ಇದ್ದರೆ ಕಲ್ಲು ಹಿಂಗೆ ಒದರೋದಿಲ್ಲ. ಈ ಸಪ್ಪಳದಾಗೆ ಬಸುರಿ ಮಗಳನ್ನು ಕೂರಿಸಿಕೊಂಡು ಬರೋದು ಬ್ಯಾಡ” ಎಂದರು. ನಡುವೆ ಇರಬೇಕಾದ ವಸ್ತುವು ಇಲ್ಲದೆ ಲೋಹವು ಲೋಹವನ್ನು ತಿನ್ನುತ್ತಿದೆಯೆಂಬುದನ್ನು ಅವರು ಅಡಿಗೆಮನೆಯ ಅನುಭವದಿಂದಲೇ ಹೇಳಿಬಿಟ್ಟಿದ್ದರು; ನನಗೆ ಅದು ತಿಳಿದುದು ಮೂರು ದಿನಗಳ ತರುವಾಯ.

ಮಿಸ್ತ್ರಿಯವರ ಪ್ರಶ್ನೆಗಳು

ಅಕ್ಕನ ಮಾತಿನಂತೆ ಹರಿಹರದ ಹಿರಿಯ ಮಿಸ್ತ್ರಿಯೊಬ್ಬರಲ್ಲಿಗೆ ಗಾಡಿಯನ್ನು ಒಯ್ದೆನು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು ೧೪ ಕಿಲೋಮೀಟರು. ಅಷ್ಟು ದೂರವನ್ನೂ ಬಹಳ ನಿಧಾನವಾಗಿ ಕ್ರಮಿಸಿದೆನು. ತುಂಗಭದ್ರೆಯ ದಡದ ಈ ಊರು ಹರಿಹರೇಶ್ವರನ ದೇವಾಲಯಕ್ಕೆ ಹೇಗೋ ಹಾಗೆಯೇ ಲೇಥ್ ಯಂತ್ರಗಳಿಗೂ ಹೆಸರಾಗಿದ್ದ ಊರು. ೧೯೪೧ರಲ್ಲಿ ಇಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳು ದೇಶದ ನಾನಾ ಕಡೆಗಳ ಕಾರ್ಯಾಗಾರಗಳಲ್ಲಿ ತಿರುಗಿದವು. ಕಾರ್ಖಾನೆಯು ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿಹೋಯಿತು. ಅಲ್ಲಿ ದುಡಿದಿದ್ದ ಈ ಮಿಸ್ತ್ರಿಯವರು ಆಮೇಲೆ ಸ್ವಂತದ ಚಿಕ್ಕ ಅಂಗಡಿಯನ್ನಿಟ್ಟುಕೊಂಡವರು. ಕೂದಲೆಳೆಯಷ್ಟು ಓಲಾಟವನ್ನೂ ಸಹಿಸದ ಯಂತ್ರಗಳ ನಡುವೆ ಬೆಳೆದ ಕೈ ಅವರದು.

“ಮೇಷ್ಟ್ರೇ, ಗಾಡಿ ಆಮೇಲೆ ನೋಡೋಣ. ಮೊದಲು ನೀವು ಹೇಳ್ರಿ. ನಿಂತಲ್ಲೇ ಇಂಜಿನ್ ಜೋರು ಮಾಡಿದರೆ ಸಪ್ಪಳ ಐತೇನು?”

“ಇಲ್ಲ.”

“ಕ್ಲಚ್ ತುಳಿದರೆ ನಿಲ್ಲುತ್ತೇನು?”

“ಓಡುತ್ತಿರುವಾಗ ತುಳಿದರೂ ನಿಲ್ಲುವುದಿಲ್ಲ.”

“ಓಡ್ತಾ ಇರುವಾಗ ನ್ಯೂಟ್ರಲ್ ಮಾಡಿದರೆ?”

“ಆಗಲೂ ಇರುತ್ತದೆ. ವೇಗವು ಇಳಿದ ಹಾಗೆ ಇಳಿಯುತ್ತದೆ.”

“ಹಂಗಾದರೆ ಇಂಜಿನ್ ಅಲ್ಲ, ಕ್ಲಚ್ ಅಲ್ಲ. ಗೇರ್‌ಬಾಕ್ಸ್ ಮ್ಯಾಲೆ ಅನುಮಾನ ಬ್ಯಾಡ. ಬಲಕ್ಕೆ ತಿರುಗಿದರೆ ಹೆಚ್ಚಾಗ್ತದೋ, ಎಡಕ್ಕೆ ತಿರುಗಿದರೆ ಹೆಚ್ಚಾಗ್ತದೋ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಓಡಿಸಿದೆನು. ಬಲಕ್ಕೆ ಬಾಗಿದಾಗ ಸಪ್ಪಳವು ಹೆಚ್ಚಿತು. ಎಡಕ್ಕೆ ಬಾಗಿದಾಗ ಬಹುಮಟ್ಟಿಗೆ ಅಡಗಿತು. “ಎಡಗಡೆ ಚಕ್ರದ ಬೇರಿಂಗು” ಎಂದು ಅವರು ಇಳಿಯುವುದಕ್ಕೆ ಮುಂಚೆಯೇ ಹೇಳಿದರು. ಗಾಡಿಯು ಬಲಕ್ಕೆ ತಿರುಗುವಾಗ ಅದರ ಭಾರವು ಎಡಗಡೆಗೆ ವಾಲುತ್ತದೆ. ಸವೆದ ಬೇರಿಂಗು ಭಾರ ಬಿದ್ದಾಗ ಕೂಗುತ್ತದೆ, ಭಾರವಿಳಿದಾಗ ಸುಮ್ಮನಾಗುತ್ತದೆ. ಬೆನ್ನುನೋವಿನವನು ಹೊರೆ ಹೊತ್ತಾಗ ನರಳುವಂತೆ.

ನ್ಯಾಯಶಾಸ್ತ್ರದಲ್ಲಿ ಅನ್ವಯ ವ್ಯತಿರೇಕಗಳೆಂಬ ಮಾತುಗಳಿವೆ. ಯಾವುದಿದ್ದಲ್ಲಿ ಕಾರ್ಯವು ಇರುವುದೋ, ಯಾವುದಿಲ್ಲದಲ್ಲಿ ಕಾರ್ಯವೂ ಇಲ್ಲವೋ, ಅದನ್ನೇ ಕಾರಣವೆಂದು ಗ್ರಹಿಸತಕ್ಕದ್ದು. ಈ ಮಾತುಗಳನ್ನು ಕೇಳಿಯೇ ಅರಿಯದ ಮಿಸ್ತ್ರಿಯವರು ಅದನ್ನೇ ನಾಲ್ಕು ಪ್ರಶ್ನೆಗಳಲ್ಲಿ ಆಚರಿಸಿ ತೋರಿಸಿದರು. ಕಂಠಪಾಠ ಮಾಡಿದ್ದ ನಾನು ಒಂದನ್ನೂ ಆಚರಿಸಲಿಲ್ಲ.

ನೋಡುವುದು, ಮುಟ್ಟುವುದು

ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರರಿಂದ ಪರೀಕ್ಷಿಸಬೇಕೆಂಬುದು ವಾಗ್ಭಟಾಚಾರ್ಯನ ಮತ. ಪ್ರಶ್ನೆಯು ಮುಗಿದಿತ್ತು, ಇನ್ನು ದರ್ಶನ. ಮಿಸ್ತ್ರಿಯವರು ಟಾರ್ಚು ಹಿಡಿದು ಚಕ್ರಗಳ ಒಳಮೈಯನ್ನು ನೋಡಿ ನಕ್ಕರು. ಮುಂದಿನ ಎರಡು ಚಕ್ರಗಳ ರಿಮ್ಮಿನೊಳಗೆ ಗದ್ದೆಯ ಎರೆಮಣ್ಣು ಒಂದು ಪಕ್ಕದಲ್ಲಿ ಮುದ್ದೆಯಾಗಿ ಹತ್ತಿ, ಒಣಗಿ, ಕಲ್ಲಾಗಿದ್ದಿತು. “ಸ್ಟೀರಿಂಗ್ ನಡುಗೋದು ಇದಕ್ಕೆ. ಸಪ್ಪಳ ಬ್ಯಾರೆ, ನಡುಕ ಬ್ಯಾರೆ. ನಮ್ಮೂರ ದೇವರ ಹಂಗೆ, ಮೈ ಒಂದೇ, ಒಳಗೆ ಇಬ್ಬರು” ಎಂದರು. ಚಕ್ರದ ವೀಲ್ ಬ್ಯಾಲೆನ್ಸಿಂಗ್ ಮಾಡುವವರು ಕೆಲವು ಗ್ರಾಮುಗಳ ಸೀಸದ ತುಂಡನ್ನು ಅಂಟಿಸಿ ತೂಕವನ್ನು ಸರಿಗೊಳಿಸುತ್ತಾರೆ; ಅಂತಹ ಚಕ್ರಕ್ಕೆ ಅರ್ಧ ಸೇರು ಮಣ್ಣು ಒಂದೇ ಪಕ್ಕದಲ್ಲಿ ಅಂಟಿದರೆ ಅದು ನಡುಗದೆ ಇದ್ದೀತೆ? ನೀರಿನ ಪಿಚಕಾರಿಯಿಂದ ತೊಳೆದೊಡನೆ ನಡುಕವು ಮಾಯವಾಯಿತು.

ಆಮೇಲೆ ಸ್ಪರ್ಶನ. ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಎಡಮುಂದಿನ ಚಕ್ರವನ್ನು ಜಾಕಿಯಿಂದೆತ್ತಿ, ಚಾಸಿಯ ಕೆಳಗೆ ಭದ್ರವಾದ ಸ್ಟ್ಯಾಂಡನ್ನಿಟ್ಟರು. ಚಕ್ರದ ಮೇಲ್ತುದಿ ಕೆಳತುದಿಗಳನ್ನು ಎರಡು ಕೈಗಳಿಂದ ಹಿಡಿದು ಅಲುಗಾಡಿಸಿದಾಗ ಒಳಗೆ ಟಕ್ ಟಕ್ ಎಂದಿತು. ಚಕ್ರವನ್ನು ಕೈಯಿಂದ ತಿರುಗಿಸುತ್ತ, ಇನ್ನೊಂದು ಕೈಯನ್ನು ಅದರ ಹಿಂದಿನ ಉಕ್ಕಿನ ಭಾಗದ ಮೇಲಿಡಲು ನನಗೆ ಹೇಳಿದರು. ಮರಳು ಸಿಕ್ಕಿದ ಬೀಸುವಕಲ್ಲಿನ ಒರಟುತನವು ಬೆರಳಿಗೆ ತಿಳಿಯಿತು. ಬಲಚಕ್ರವನ್ನು ಹಾಗೆಯೇ ತಿರುಗಿಸಿದಾಗ ಅಂತಹದೇನೂ ಇರಲಿಲ್ಲ. ದೋಷವಿರುವುದನ್ನು ದೋಷವಿಲ್ಲದ ಅದರ ಜೋಡಿಯೊಡನೆ ಹೋಲಿಸುವ ಈ ಉಪಾಯವು ಬಹಳ ಪ್ರಯೋಜನಕಾರಿಯಾದುದು; ಪುಣ್ಯಕ್ಕೆ ಚಕ್ರಗಳು ಜೋಡಿಯಾಗಿಯೇ ಇರುತ್ತವಷ್ಟೆ.

ಹಬ್ಬನ್ನು ಬಿಚ್ಚಿದಾಗ ಸೀಲಿನ ಅಂಚು ಹರಿದಿದ್ದುದೂ, ಒಳಗಿನ ಗ್ರೀಸು ನೀರು ಕೂಡಿ ಮಜ್ಜಿಗೆಯಂತೆ ಬೆಳ್ಳಗಾಗಿದ್ದುದೂ, ಬೇರಿಂಗಿನ ಉರುಳೆಗಳ ಮೇಲೆ ಸಿಡುಬಿನ ಕಲೆಗಳಂತಹ ಗುಳಿಗಳು ಬಿದ್ದಿದ್ದುದೂ ಕಂಡುವು. ನಾಲೆಯ ನೀರಿನಲ್ಲಿ ಮುಳುಗಿದ ದಿನವೇ ಎರಡು ರೋಗಗಳಿಗೂ ಬೀಜ ಬಿದ್ದಿದ್ದಿತು. “ಇನ್ನೊಂದು ನೂರಿನ್ನೂರು ಕಿಲೋಮೀಟರ್ ಜೋರಾಗಿ ಓಡಿಸಿದ್ದರೆ?” ಎಂದು ಕೇಳಿದೆನು. ಮಿಸ್ತ್ರಿಯವರು ಉತ್ತರವನ್ನು ಹೇಳಲಿಲ್ಲ. ಉರುಳೆಗಳನ್ನು ನನ್ನ ಅಂಗೈಯಲ್ಲಿ ಸುರಿದರು. ಇಂತಹ ಬೇರಿಂಗು ಕಾದು ಕಚ್ಚಿಕೊಂಡರೆ ಚಕ್ರವು ತಿರುಗದೆ ನಿಲ್ಲಬಹುದು, ಇಲ್ಲವೆ ಕಳಚಿಯೇ ಹೋಗಬಹುದು. ಹುಬ್ಬಳ್ಳಿಯ ಹೆದ್ದಾರಿಯೂ, ಹಿಂದಿನ ಆಸನದಲ್ಲಿ ಕುಳಿತ ಮಗಳೂ ನನ್ನ ಕಣ್ಣೆದುರಿಗೆ ಬಂದಂತಾಯಿತು. ಒಳಗಿನ ಮತ್ತು ಹೊರಗಿನ ಎರಡು ಬೇರಿಂಗುಗಳು, ಹೊಸ ಸೀಲು, ಗ್ರೀಸು, ಬಲಚಕ್ರಕ್ಕೂ ಹೊಸ ಗ್ರೀಸು, ಕೂಲಿ, ಎಲ್ಲ ಸೇರಿ ೨,೬೦೦ ರೂಪಾಯಿಗಳಾದವು.

ಗೃಹಸ್ಥರಿಗೆ ಕೆಲವು ಸೂಚನೆಗಳು

ಅಂದು ಮಿಸ್ತ್ರಿಯವರಿಂದ ತಿಳಿದುದನ್ನೂ ಆಮೇಲೆ ಓದಿ ವಿಚಾರಿಸಿ ಅರಿತುದನ್ನೂ ವಾಚಕರ ಅನುಕೂಲಕ್ಕಾಗಿ ಸಂಗ್ರಹಿಸುತ್ತೇನೆ.

ನಿಂತ ಗಾಡಿಯಲ್ಲಿ ಇಂಜಿನಿನ ವೇಗವನ್ನು ಹೆಚ್ಚಿಸಿದಾಗಲೂ ನಡುಕ ಬಂದರೆ ದೋಷವು ಇಂಜಿನಿನಲ್ಲೋ, ಅದನ್ನು ಹೊತ್ತಿರುವ ರಬ್ಬರಿನ ಮೌಂಟಿಂಗುಗಳಲ್ಲೋ ಇರುತ್ತದೆ. ನ್ಯೂಟ್ರಲಿನಲ್ಲಿ ನಿಂತಾಗ ಕೇಳಿಸುವ ಗರಗರ ಶಬ್ದವು ಕ್ಲಚ್ಚನ್ನು ತುಳಿದೊಡನೆ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗನ್ನು ಶಂಕಿಸಬೇಕು. ಅದಕ್ಕೆ ವಿಪರೀತವಾಗಿ, ತುಳಿದಾಗ ಮಾತ್ರ ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗನ್ನು.

ಬ್ರೇಕನ್ನು ಒತ್ತಿದಾಗ ಮಾತ್ರ ಸ್ಟೀರಿಂಗು ನಡುಗಿದರೆ ಮುಂದಿನ ಡಿಸ್ಕುಗಳು ಎಲ್ಲೆಡೆಯೂ ಸಮದಪ್ಪವಾಗಿಲ್ಲವೆಂದು ತಿಳಿಯಬೇಕು. ಒತ್ತಿದಾಗ ಕರಕರನೆ ಅರೆದಂತೆ ಕೇಳಿಸಿದರೆ ಬ್ರೇಕ್ ಪ್ಯಾಡು ಪೂರ್ಣವಾಗಿ ಸವೆದು ಅದರ ಬೆನ್ನಿನ ಉಕ್ಕು ಡಿಸ್ಕನ್ನು ಕೆರೆಯುತ್ತಿರುತ್ತದೆ. ಪ್ಯಾಡಿನ ದಪ್ಪವು ೩ ಮಿಲಿಮೀಟರಿಗೆ ಇಳಿದಾಗಲೇ ಬದಲಾಯಿಸುವುದು ಉತ್ತಮ. ಪ್ಯಾಡಿನ ಹಣವನ್ನು ಉಳಿಸಲು ಹೋದವನು ಡಿಸ್ಕಿನ ಹಣವನ್ನೂ ತೆರುತ್ತಾನೆ. ಕೆಲವೊಮ್ಮೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಜಲ್ಲಿಕಲ್ಲು ಸಿಕ್ಕಿ ಭಯಂಕರವಾಗಿ ಕಿರುಚುವುದೂ ಉಂಟು. ಅದನ್ನು ತೆಗೆದರೆ ವೆಚ್ಚವೇ ಇಲ್ಲ.

ಚಕ್ರದ ನಡುಕವನ್ನೂ ಪ್ರೊಪೆಲ್ಲರ್ ಶಾಫ್ಟಿನ ನಡುಕವನ್ನೂ ಬೇರ್ಪಡಿಸಲು ಸ್ವಲ್ಪ ಗಣಿತವು ಸಹಾಯಕ. ಇಂತಹ ಗಾಡಿಯ ಚಕ್ರದ ಸುತ್ತಳತೆಯು ಸುಮಾರು ೨ ಮೀಟರು. ಗಂಟೆಗೆ ೮೦ ಕಿಲೋಮೀಟರೆಂದರೆ ಸೆಕೆಂಡಿಗೆ ೨೨ ಮೀಟರು. ಆದುದರಿಂದ ಚಕ್ರವು ಸೆಕೆಂಡಿಗೆ ಸುಮಾರು ೧೧ ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ಲು ವೇಗವನ್ನು ಸುಮಾರು ನಾಲ್ಕು ಪಟ್ಟು ಇಳಿಸುವುದರಿಂದ ಅದರ ಮುಂದಿರುವ ಶಾಫ್ಟು ಸುಮಾರು ೪೪ ಸುತ್ತು ತಿರುಗುತ್ತಿರುತ್ತದೆ. ಆದ್ದರಿಂದ ಚಕ್ರದ ದೋಷವು ದಡದಡನೆ ಒರಟಾಗಿ ಅಲ್ಲಾಡಿಸುತ್ತದೆ. ಶಾಫ್ಟಿನ ದೋಷವು ಜೇನುಗೂಡಿನಂತೆ ಗುಂಯ್‌ಗುಡುತ್ತ ಕಾಲಡಿಯ ನೆಲವನ್ನು ಜುಮ್ಮೆನ್ನಿಸುತ್ತದೆ. ನಡುಕವು ಸ್ಟೀರಿಂಗಿನಲ್ಲಿದ್ದರೆ ಮುಂದಿನ ಚಕ್ರಗಳನ್ನೂ, ಆಸನದಲ್ಲಿದ್ದರೆ ಹಿಂದಿನ ಚಕ್ರಗಳನ್ನೂ ಶಾಫ್ಟನ್ನೂ ಮೊದಲು ನೋಡಬೇಕು.

ಶಾಫ್ಟಿನ ತುದಿಗಳಲ್ಲಿರುವ ಕೀಲಿಗೆ ನಮ್ಮ ಮಿಸ್ತ್ರಿಗಳು ಕ್ರಾಸ್ ಎನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿದ್ವಾಂಸನು ವಿವರಿಸಿದ ಕೀಲಿದು. ಇದು ಓರೆಯಾಗಿ ತಿರುಗುವಾಗ ಒಂದೊಂದು ಸುತ್ತಿನಲ್ಲಿಯೂ ಶಾಫ್ಟಿನ ವೇಗವು ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇನ್ನೊಂದು ತುದಿಯ ಕೀಲು ಆ ಏರಿಳಿತವನ್ನು ಸರಿದೂಗಿಸುತ್ತದೆ. ಹಾಗೆ ಸರಿದೂಗಬೇಕಾದರೆ ಎರಡು ಕೀಲುಗಳೂ ಗೊತ್ತಾದ ಕ್ರಮದಲ್ಲಿಯೇ ಜೋಡಣೆಯಾಗಬೇಕು. ಆದುದರಿಂದ ಶಾಫ್ಟನ್ನು ಬಿಚ್ಚುವುದಕ್ಕೆ ಮುಂಚೆ ಎಲ್ಲ ಜೋಡಣೆಗಳ ಮೇಲೂ ಗುರುತು ಹಾಕಿಸತಕ್ಕದ್ದು. ಹೊರಡುವಾಗ ಠಕ್ ಎಂಬ ಪೆಟ್ಟು ಕೇಳಿಸಿದರೆ, ಅಥವಾ ಕ್ರಾಸಿನ ಸುತ್ತ ಕೆಂಪು ತುಕ್ಕಿನ ಪುಡಿಯು ಕಂಡರೆ, ಅದು ಗ್ರೀಸಿಲ್ಲದೆ ಒಣಗಿದೆಯೆಂದು ಅರ್ಥ. ವೇಗ ಹೆಚ್ಚಿಸುವಾಗ ಒಂದು ಸ್ವರ, ಕಾಲು ತೆಗೆದಾಗ ಬೇರೊಂದು ಸ್ವರ ಹಿಂದಿನಿಂದ ಬಂದರೆ ಡಿಫರೆನ್ಷಿಯಲ್ಲಿನ ಎಣ್ಣೆಯ ಮಟ್ಟವನ್ನು ತಪ್ಪದೆ ನೋಡಿಸಬೇಕು.

ಬೇರಿಂಗಿನ ಶಬ್ದದಂತೆಯೇ ನಟಿಸುವ ಇನ್ನೊಂದು ವಸ್ತುವೆಂದರೆ ಏರುಪೇರಾಗಿ ಸವೆದ ಟೈರು. ರಸ್ತೆಯ ಮೈ ಬದಲಾದಾಗ ಟೈರಿನ ಸ್ವರವೂ ಬದಲಾಗುತ್ತದೆ. ಬೇರಿಂಗಿನ ಸ್ವರವು ಅಷ್ಟಾಗಿ ಬದಲಾಗುವುದಿಲ್ಲ. ಸಂಶಯವಿದ್ದರೆ ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿ ನೋಡಬೇಕು. ಶಬ್ದವೂ ಹಿಂದಕ್ಕೆ ಹೋದರೆ ಕಳ್ಳನು ಸಿಕ್ಕಂತೆ. ಉಪಚಾರದಿಂದಲೇ ರೋಗವನ್ನು ನಿರ್ಣಯಿಸುವ ಈ ಮಾರ್ಗಕ್ಕೆ ವೈದ್ಯಶಾಸ್ತ್ರದಲ್ಲಿ ಉಪಶಯವೆಂದು ಹೆಸರು. ಟೈರಿನ ವಯಸ್ಸನ್ನೂ ನೋಡಿಕೊಳ್ಳಬೇಕು. ಅದರ ಪಕ್ಕದಲ್ಲಿ ಅಚ್ಚೊತ್ತಿದ ಕೊನೆಯ ನಾಲ್ಕು ಅಂಕಿಗಳು ೨೩೧೮ ಎಂದಿದ್ದರೆ ಅದು ೨೦೧೮ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದು.

ಇನ್ನು ಎಚ್ಚರಿಕೆಯ ಮಾತುಗಳು. ಜಾಕಿಯೊಂದರ ಮೇಲೆಯೇ ನಿಂತ ಗಾಡಿಯ ಕೆಳಗೆ ಯಾರೂ ತಲೆಯಿಡಕೂಡದು. ನ್ಯೂಟ್ರಲಿನಲ್ಲಿ ಪರೀಕ್ಷಿಸುವಾಗ ಬೀಗದ ಕೈಯನ್ನು ತಿರುಗಿಸಿ ಇಂಜಿನನ್ನು ನಿಲ್ಲಿಸಕೂಡದು. ಬ್ರೇಕು ಗಡುಸಾಗುತ್ತದೆ, ಸ್ಟೀರಿಂಗಿಗೆ ಬೀಗ ಬೀಳಲೂಬಹುದು. ಚಕ್ರವನ್ನು ಬಿಚ್ಚಿ ಹಾಕಿಸಿದ ಮೇಲೆ ೫೦ರಿಂದ ೧೦೦ ಕಿಲೋಮೀಟರುಗಳೊಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ ನೋಡಬೇಕು. ಸುಟ್ಟ ವಾಸನೆ ಬಂದರೆ, ಚಕ್ರವು ಓಲಾಡಿದರೆ, ಬ್ರೇಕಿನಲ್ಲಿ ಲೋಹವು ಅರೆದ ಸದ್ದು ಬಂದರೆ, “ಮನೆ ಹತ್ತಿರವೇ ಇದೆ” ಎಂದು ಮುಂದುವರಿಯದೆ ಅಲ್ಲಿಯೇ ನಿಲ್ಲಿಸಿ ಗಾಡಿಯನ್ನು ಎಳೆಯಿಸಿಕೊಂಡು ಹೋಗತಕ್ಕದ್ದು. ಗ್ಯಾರೇಜಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ, ಎಷ್ಟು ವೇಗದಲ್ಲಿ, ಯಾವ ತಿರುವಿನಲ್ಲಿ, ಬ್ರೇಕು ಕ್ಲಚ್ಚುಗಳನ್ನು ತುಳಿದಾಗ ಏನಾಗುತ್ತದೆ ಎಂಬುದನ್ನು ಬರೆದುಕೊಂಡು ಹೋದರೆ ಒಳ್ಳೆಯ ಕೆಲಸಗಾರನಿಗೆ ಅರ್ಧ ಕೆಲಸವು ಕಡಿಮೆಯಾಗುತ್ತದೆ. ಅಂದಾಜಿನಿಂದಲೇ ಭಾಗ ಬದಲಾಯಿಸುವವನು ಆ ಚೀಟಿಯನ್ನು ನೋಡಿದರೆ ಸ್ವಲ್ಪ ಯೋಚಿಸುತ್ತಾನೆ.

ಹರಿಹರದಿಂದ ಹಿಂದಿರುಗಿದ ಸಂಜೆಯೇ ಕ್ಲಚ್ಚು ಹಾಕಿದ್ದ ಆ ಕೆಲಸಗಾರನಲ್ಲಿಗೆ ಹೋದೆನು. ನಾಲ್ಕು ಜನರೆದುರಿಗೆ ಬೈದಿದ್ದವನು ನಾಲ್ಕು ಜನರೆದುರಿಗೇ ತಪ್ಪೊಪ್ಪಿಕೊಳ್ಳಬೇಕೆಂದು ಅಂಗಡಿಯಲ್ಲಿ ಜನವಿರುವ ಹೊತ್ತನ್ನೇ ನೋಡಿ ಹೋಗಿದ್ದೆನು. ಅಂದಿನ ಕೂಲಿಯನ್ನು ಅವನ ಕೈಯಲ್ಲಿಟ್ಟೆನು. ಅವನು ಎಣಿಸದೆ ಜೇಬಿಗೆ ಹಾಕಿಕೊಂಡು, “ಬೇರಿಂಗು ಅಂತ ನನಗೂ ಹೊಳೀಲಿಲ್ಲ ಸರ. ಯಾವ ಕಡೆ ತಿರುಗಿದಾಗ ಅಂತ ಕೇಳಬೇಕಿತ್ತು” ಎಂದನು. ನಾನು ಬೈಯುತ್ತಿದ್ದ ಹೊತ್ತಿನಲ್ಲಿ ಅವನಿಗೆ ಕೇಳಲು ಅವಕಾಶವಾದರೂ ಎಲ್ಲಿದ್ದಿತು!

ಮರುವಾರ ಹ���ಬ್ಬಳ್ಳಿಗೆ ಹೋಗಿ ಮಗಳನ್ನು ಕರೆತಂದೆವು. ದಾರಿಯುದ್ದಕ್ಕೂ ನನ್ನ ಮನೆಯವರು ಮಾತಾಡದೆ ಕಿವಿಗೊಟ್ಟು ಕುಳಿತಿದ್ದರು. ಹರಿಹರವನ್ನು ದಾಟಿದ ಮೇಲೆ, “ಈಗ ಸರಿಯಾತು” ಎಂದರು. ಹಿಂದಿನ ಆಸನದಲ್ಲಿ ಮಗಳು ನಿದ್ರೆಹೋಗಿದ್ದಳು.